ಪುತ್ತಬ್ಬರ ಕಪ್ಪು ಸೆಂಟು

ಕೊಲ್ಲಿ ದೇಶದ ಫಹಾಹೀಲ್‌ನಲ್ಲಿ, ಸೂಕ್ ಎಂಬ ಪೇಟೆಯ ಹಿಂದಿನ ಸಾಲಿನಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಉಪ್ಪಿನಂಗಡಿಯ ಪುತ್ತಬ್ಬರನ್ನು ಗಂಟೆ ಎಷ್ಟಾಯಿತೆಂದು ಕೇಳಿ ಉತ್ತರ ಪಡೆದವರಿಲ್ಲ. ಅವರು ತಲೆ ಎತ್ತದೆ ಗೋಡೆಯ ಕಡೆ ಕೈ ತೋರಿಸುತ್ತಿದ್ದರು. ಗೋಡೆಯ ಮೇಲೆ ಹದಿನೇಳು ಗಡಿಯಾರ, ಹದಿನೇಳರಲ್ಲೂ ಬೇರೆ ಬೇರೆ ಸಮಯ. ಸರಿಯಾದ ಗಡಿಯಾರ ಅದೇ ದಿನ ಯಜಮಾನನ ಮನೆಗೆ ಹೋಗುತ್ತದೆ, ಅಂಗಡಿಯಲ್ಲಿ ಉಳಿಯುವುದು ಕೆಟ್ಟದ್ದು ಮಾತ್ರ ಎಂಬುದು ಅವರ ವಾದ. ವಾದವೇನೋ ಸರಿ. ಬಸ್ಸಿಗೆ ಹೊತ್ತಾದವನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ನಾನು ಅವರೊಂದಿಗೆ ಆರು ವರ್ಷ ಒಂದೇ ಕೋಣೆಯಲ್ಲಿದ್ದೆ. ನನ್ನ ಹೆಸರು ಯಶೋಧರ, ಊರು ಪುತ್ತೂರು. ಪಕ್ಕದ ಬೀದಿಯ ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೋರ್ ಕ್ಲರ್ಕ್ ಆಗಿದ್ದೆ. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಮೀನು ಅವರು ಬೇಯಿಸುತ್ತಿದ್ದರು, ಅನ್ನ ನಾನು ಮಾಡುತ್ತಿದ್ದೆ. ಅವರಿಗೆ ಆಗ ಐವತ್ತು ದಾಟಿತ್ತು. ಸಿಗರೇಟಿಲ್ಲ, ಸಿನಿಮಾ ಇಲ್ಲ, ಹರಟೆಯಿಲ್ಲ. ಇದ್ದ ಹುಚ್ಚು ಒಂದೇ: ಅಮೆರಿಕದವರು ಇನ್ನೂರು ವರ್ಷ ಹಿಂದೆ ಹೊಡೆದ ಸೆಂಟು ಎಂಬ ತಾಮ್ರದ ನಾಣ್ಯ. ನಮ್ಮ ಹಳೆಯ ಒಂದು ರೂಪಾಯಿಯಷ್ಟು ಅಗಲ, ಬಣ್ಣ ಕಂದು, ಒಂದು ಬದಿಯಲ್ಲಿ ಕೂದಲು ಕೆದರಿದ ಹೆಂಗಸಿನ ತಲೆ, ಇನ್ನೊಂದು ಬದಿಯಲ್ಲಿ ಎಲೆಗಳ ಮಾಲೆ. ದಾರಿಯಲ್ಲಿ ಬಿದ್ದಿದ್ದರೆ ನಾನು ವಾಷರ್ ಎಂದುಕೊಂಡು ದಾಟಿ ಹೋಗುತ್ತಿದ್ದೆ.

ಈ ಹುಚ್ಚು ಹಿಡಿಸಿದವನು ವಾಲ್ಟರ್ ಎಂಬ ಅಮೆರಿಕನ್, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಎಂಜಿನಿಯರ್. ಗುರುವಾರ ಸಂಜೆ ಬಂದು ಅಂಗಡಿಯ ಇನ್ನೊಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಒಂದು ಸಲ ಜೇಬಿನಿಂದ ಎರಡು ಸೆಂಟು ತೆಗೆದು, ಎರಡೂ ಒಂದೇ ವರ್ಷದ್ದು, ನೋಡು ಎಂದನಂತೆ. ಪುತ್ತಬ್ಬರು ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, ವರ್ಷ ಒಂದೇ, ಅಚ್ಚು ಬೇರೆ ಎಂದರಂತೆ. ಒಂದರಲ್ಲಿ ಮಾಲೆಯ ಎಲೆಯ ತುದಿ ಅಕ್ಷರಕ್ಕೆ ತಾಗಿದೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟಿದೆ. ಆ ಕಾಲದಲ್ಲಿ ಅಚ್ಚನ್ನು ಕೈಯಲ್ಲೇ ಕೆತ್ತುತ್ತಿದ್ದರು. ಒಡೆದರೆ ಹೊಸದು ಕೆತ್ತುತ್ತಿದ್ದರು. ಹಾಗಾಗಿ ಒಂದೇ ವರ್ಷದ ಸೆಂಟಿನಲ್ಲಿ ಹತ್ತಾರು ತರ. ವಾಲ್ಟರ್ ಪುಸ್ತಕ ಇಟ್ಟುಕೊಂಡು ವರ್ಷಗಟ್ಟಲೆ ಕಲಿತದ್ದನ್ನು ಇವರು ಸ್ಟೂಲಿನಿಂದ ಏಳದೆ ಹೇಳಿಬಿಟ್ಟಿದ್ದರು. ಅಂದಿನಿಂದ ಅವನು ವಾಚಿನ ಕೂಲಿಗೆ ಬದಲು ಸೆಂಟು ಕೊಡತೊಡಗಿದ. ಮೂರು ವರ್ಷದಲ್ಲಿ ನಲವತ್ತು ಸೇರಿದವು, ಹಾಲಿನ ಪುಡಿಯ ಡಬ್ಬಿಯೊಂದರಲ್ಲಿ.

ಒಂದೊಂದು ಸೆಂಟಿಗೂ ಒಂದೊಂದು ಪುಟ್ಟ ಲಕೋಟೆ. ಅದರ ಮೇಲೆ ವರ್ಷ, ಅಚ್ಚು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ವಿವರ, ಕೊನೆಯ ಸಾಲಿನಲ್ಲಿ ದೋಷ. ಗುಣ ಬರೆಯದಿದ್ದರೂ ನಡೆಯುತ್ತದೆ, ದೋಷ ಬರೆಯಲೇಬೇಕು ಎಂದು ವಾಲ್ಟರ್ ಕಲಿಸಿದ್ದ. ಗೀರು, ಪೆಟ್ಟು, ಕಿಲುಬು, ಯಾರಿಂದ ಆಯಿತೆಂದು ಗೊತ್ತಿದ್ದರೆ ಅವರ ಹೆಸರು. ಪುತ್ತಬ್ಬರ ಕೈ ವಾಚಿನ ಸ್ಪ್ರಿಂಗನ್ನು ಅಲುಗಾಡದೆ ಹಿಡಿಯುತ್ತಿತ್ತು, ಪೆನ್ನು ಹಿಡಿದರೆ ಮಾತ್ರ ಅಕ್ಷರ ದಿಕ್ಕಾಪಾಲು. ಅಂಗಡಿಯಲ್ಲಿ ದಿನವಿಡೀ ಡಬ್ಬಗಳಿಗೆ ಚೀಟಿ ಬರೆಯುತ್ತಿದ್ದ ನನ್ನ ಅಕ್ಷರ ಚೆನ್ನಾಗಿತ್ತು. ಹಾಗಾಗಿ ಆ ನಲವತ್ತು ಲಕೋಟೆಗಳನ್ನೂ ನಾನೇ ಬರೆದೆ, ಕನ್ನಡದಲ್ಲಿ. ಬರೆಯುವಾಗೆಲ್ಲ ಗೊಣಗುತ್ತಿದ್ದೆ. ಒಂದು ದಿನ ಸುಮ್ಮನಿರಲಾರದೆ ಹೇಳಿದೆ.

"ಪುತ್ತಬ್ಬಾಕ, ಇದಕ್ಕೆ ಸ್ವಲ್ಪ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದ್ರೆ ಫಳಫಳ ಆಗ್ತದೆ. ನಮ್ಮ ಮನೆಯ ಹಂಡೆ ನೋಡ್ಬೇಕು ನೀವು."

ಅವರು ಚಿಮಟ ಕೆಳಗಿಟ್ಟರು.

"ಇದರ ಚರ್ಮ ಇದು, ಯಶೋಧರಣ್ಣ. ಇನ್ನೂರು ವರ್ಷದಲ್ಲಿ ಬಂದದ್ದು. ತಿಕ್ಕಿದ್ರೆ ಸತ್ತೇ ಹೋಯ್ತು. ನೀವು ಡಬ್ಬಿ ಮುಟ್ಬೇಡಿ."

ಎರಡು ದಿನ ಮಾತಾಡಲಿಲ್ಲ. ನನಗೂ ಸಿಟ್ಟು ಬಂದಿತ್ತು. ನಮ್ಮ ಕಡೆ ತಾಮ್ರ ಎಂದರೆ ಹೊಳೆಯಬೇಕು. ಹಬ್ಬದ ಹಿಂದಿನ ದಿನ ಕಪ್ಪಾದ ಚೆಂಬನ್ನು ಅಂಗಳದಲ್ಲಿಟ್ಟ ಮನೆಯವರನ್ನು ಯಾರೂ ಮೆಚ್ಚುವುದಿಲ್ಲ. ಇವರದ್ದೊಂದು ಹೊಸ ಮಡಿ ಎಂದುಕೊಂಡೆ.

ವಾಲ್ಟರ್ 1987ರಲ್ಲಿ ನಿವೃತ್ತನಾಗಿ ಹೋಗುವಾಗ ನಲವತ್ತೊಂದನೆಯ ಸೆಂಟು ಕೊಟ್ಟ. ಆ ಒಂದಕ್ಕೆ ಲಕೋಟೆ ಬರೆಯಲಾಗಲಿಲ್ಲ, ಏಕೆಂದರೆ ಅದು ಏನೆಂದು ಗೊತ್ತಿರಲಿಲ್ಲ. 1794ರದ್ದು ಎಂದು ಮುಂಬದಿಯಲ್ಲಿ ಹೇಗೋ ಓದಬಹುದಿತ್ತು. ಹಿಂಬದಿಯ ಅಂಚಿನ ಮೇಲೆ ಕಪ್ಪು ಹಸಿರು ಕಿಲುಬು ದಪ್ಪಗೆ ಕೂತಿತ್ತು. ಆ ವರ್ಷದ ಒಂದೇ ಒಂದು ಅಚ್ಚಿನಲ್ಲಿ ಕೆತ್ತುವವನು ಅಂಚಿನ ಸುತ್ತ ಸಣ್ಣ ಹಲ್ಲುಗಳ ನಡುವೆ ತೊಂಬತ್ತನಾಲ್ಕು ನಕ್ಷತ್ರ ಕೆತ್ತಿದ್ದಾನೆ. ಯಾಕೆ ಕೆತ್ತಿದನೆಂದು ಇವತ್ತಿಗೂ ಯಾರಿಗೂ ತಿಳಿಯದು. ಅಂಥ ಸೆಂಟು ಸಿಗುವುದು ಬಹಳ ಅಪರೂಪ. ಎಲೆಗಳ ಜಾಗ ನೋಡಿದರೆ ಇದು ಅದೇ ಇರಬಹುದು, ಇಲ್ಲದೆಯೂ ಇರಬಹುದು. ವಾಲ್ಟರ್‌ನ ಕಣ್ಣಿಗೆ ಪೊರೆ ಬಂದಿತ್ತು. ನನ್ನಿಂದ ಆಗದು, ನೀನು ನಿಧಾನವಾಗಿ ನೋಡು, ಕಬ್ಬಿಣ ತಾಗಿಸಬೇಡ ಎಂದು ಹೇಳಿ ಹೋದ.

ಪುತ್ತಬ್ಬರು ನಿಧಾನ ಎಂದರೆ ನಿಧಾನವೇ. ಸೆಂಟನ್ನು ಆಲಿವ್ ಎಣ್ಣೆಯಲ್ಲಿ ನೆನೆಹಾಕಿ ಆರಾರು ತಿಂಗಳು ಬಿಡುವುದು, ತೆಗೆದು ಊರಿನಿಂದ ತರಿಸಿದ ಲಿಂಬೆಮುಳ್ಳಿನಿಂದ ಚೂರೇ ಚೂರು ಕಿಲುಬು ಎಬ್ಬಿಸುವುದು, ಮತ್ತೆ ಎಣ್ಣೆ. ಮೂರು ವರ್ಷದಲ್ಲಿ ಅಂಚಿನ ಹತ್ತನೇ ಒಂದು ಪಾಲೂ ತೆರೆದುಕೊಳ್ಳಲಿಲ್ಲ. ನಕ್ಷತ್ರ ಕಾಣಲಿಲ್ಲ, ನಕ್ಷತ್ರವಿಲ್ಲ ಎಂದು ಹೇಳುವಷ್ಟೂ ಕಾಣಲಿಲ್ಲ. ಮಾರುವ ಯೋಚನೆ ಅವರಿಗಿದ್ದದ್ದು ನಾನು ಕಾಣೆ. ಅವರಿಗೆ ಗೊತ್ತಾಗಬೇಕಿತ್ತು, ಅಷ್ಟೇ. ಜೊತೆಗೆ ಅದರ ಚರ್ಮ ಹಾಗೇ ಉಳಿಯಬೇಕಿತ್ತು.

1990ರ ಆಗಸ್ಟ್ ಎರಡರಂದು ಇರಾಕಿ ಸೈನ್ಯ ಬಂತು. ಅದನ್ನು ನಾನು ಇಲ್ಲಿ ವರ್ಣಿಸುವುದಿಲ್ಲ, ಬೇಕಾದಷ್ಟು ಜನ ವರ್ಣಿಸಿದ್ದಾರೆ. ನಮ್ಮ ಬೀದಿಯಲ್ಲಿ ಮೊದಲು ಬ್ರೆಡ್ ಸಿಗಲಿಲ್ಲ, ಆಮೇಲೆ ಬಾಗಿಲು ಒಡೆದ ಅಂಗಡಿಗಳು ಕಂಡವು, ಆಮೇಲೆ ಅಬ್ಬಾಸಿಯಾದಿಂದ ಬಸ್ಸುಗಳು ಹೊರಡುತ್ತಿವೆ ಎಂಬ ಸುದ್ದಿ ಬಂತು. ಬಸ್ರಾ, ಬಾಗ್ದಾದ್ ಮೂಲಕ ಅಮ್ಮಾನ್, ಅಲ್ಲಿಂದ ವಿಮಾನ. ಸೆಪ್ಟೆಂಬರ್ ಮೊದಲ ವಾರ ನನ್ನ ಸೀಟು ಗೊತ್ತಾಯಿತು. ಪುತ್ತಬ್ಬರಿಗೂ ಒಂದು ಸೀಟು ಹೇಳಿಸಿದ್ದೆ. ಅವರು ಒಲ್ಲೆ ಎಂದರು.

"ಅರುವತ್ತಮೂರು ವಾಚುಂಟು. ಒಂದೂ ನನ್ನದಲ್ಲ. ಬಂದು ಕೇಳಿದ್ರೆ ಯಾರು ಕೊಡುದು?"

"ವಾಚಿನವರೇ ಓಡಿ ಹೋಗಿದ್ದಾರಲ್ಲ ಮಾರಾಯ್ರೆ. ನಿಮ್ಮನ್ನು ಕೆಲಸಕ್ಕಿಟ್ಟ ಕಫೀಲನೇ ಇಲ್ಲ."

"ಓಡಿದವರು ವಾಪಸ್ ಬರ್ತಾರೆ. ಚೀಟಿ ಅವರ ಕೈಯಲ್ಲುಂಟು."

ವಾದಿಸಿ ಪ್ರಯೋಜನವಿಲ್ಲವೆಂದು ನನಗೆ ಗೊತ್ತಿತ್ತು. ಹೊರಡುವ ಬೆಳಗ್ಗೆ ಅವರು ಎಣ್ಣೆಯಿಂದ ಆ ಕಪ್ಪು ಸೆಂಟನ್ನು ತೆಗೆದು, ಹಳೆಯ ಮಲ್ ಬಟ್ಟೆಯ ತುಂಡಿನಲ್ಲಿ ಸುತ್ತಿ ನನ್ನ ಅಂಗಿಯ ಜೇಬಿಗೆ ಹಾಕಿದರು.

"ನನಗೆ ಏನಾದ್ರೂ ಆದ್ರೆ ಇದು ಎಂತದು ಅಂತ ಹೇಳುವವರು ಇಲ್ಲಿ ಯಾರೂ ಇಲ್ಲ. ಪಾತುವಿನ ಕೈಗೆ ಕೊಡಿ. ಒರೆಸ್ಬೇಡಿ, ತೊಳೆಯ್ಬೇಡಿ. ಹೇಗುಂಟೋ ಹಾಗೇ ಇರ್ಲಿ."

ಪಾತು ಅವರ ಹೆಂಡತಿ, ಉಪ್ಪಿನಂಗಡಿಯಲ್ಲಿ ಮಗಳೊಂದಿಗಿದ್ದರು. ಆಗಲಿ ಎಂದೆ. ಆಗಲಿ ಎನ್ನುವುದಕ್ಕೆ ಏನು ಕಷ್ಟ.

ಬಸ್ಸು ಬಸ್ರಾ ದಾಟಿದ ಮೇಲೆ ಒಂದು ಚೆಕ್‌ಪೋಸ್ಟಿನಲ್ಲಿ ಎಲ್ಲರನ್ನೂ ಇಳಿಸಿದರು. ಮುಂದಿನ ಬಸ್ಸಿನವರ ಕೈಯಿಂದ ವಾಚು ಬಿಚ್ಚಿಸುತ್ತಿದ್ದರು. ಒಬ್ಬನ ಬೆರಳಿನಿಂದ ಉಂಗುರ ಬರಲಿಲ್ಲ, ಅವನಿಗೆ ಸೋಪು ಹಚ್ಚಿಕೋ ಎಂದು ನೀರು ಕೊಟ್ಟರು. ಕಪ್ಪಾದ ತಾಮ್ರದ ಬಿಲ್ಲೆಯನ್ನು ಯಾವ ಸಿಪಾಯಿಯೂ ಮುಟ್ಟುತ್ತಿರಲಿಲ್ಲ, ನನ್ನ ಜೇಬಿನಲ್ಲೇ ಬಿಟ್ಟಿದ್ದರೆ ಎಸೆದು ಮುಂದೆ ಹೋಗು ಎನ್ನುತ್ತಿದ್ದ. ಅದು ನನಗೆ ಈಗ ತಿಳಿಯುತ್ತದೆ. ಆಗ ನನ್ನ ಕೈಚೀಲದಲ್ಲಿ ಅಮ್ಮ ಹಿಂದಿನ ರಜೆಯಲ್ಲಿ ಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ ಕಂಡಿತು. ಯಾವ ಸಿಪಾಯಿ ಅದರೊಳಗೆ ಕೈ ಹಾಕುತ್ತಾನೆ ಎಂದುಕೊಂಡು ಸೆಂಟನ್ನು ಬಟ್ಟೆಯಿಂದ ಬಿಡಿಸಿ ಅದರೊಳಗೆ ಅದುಮಿಬಿಟ್ಟೆ. ನನ್ನ ಸರದಿ ಬಂದಾಗ ಸಿಪಾಯಿ ಭರಣಿಯ ಮುಚ್ಚಳ ತೆಗೆದು ಮೂಸಿ, ಎರಡು ಸಲ ಸೀನಿ, ನನ್ನ ಬ್ರೆಡ್ಡನ್ನು ಮಾತ್ರ ತೆಗೆದುಕೊಂಡು ಹೋದ. ನಾನು ಜಾಣ ಎಂದು ಬಹಳ ಹೆಮ್ಮೆಪಟ್ಟೆ.

ಜಾಣನಾದವನು ದಾಟಿದ ಮೇಲೆ ತೆಗೆಯಬೇಕಿತ್ತು. ತೆಗೆಯಲಿಲ್ಲ. ಮುಂದೆ ಇನ್ನೂ ಚೆಕ್‌ಪೋಸ್ಟು ಇರಬಹುದು ಎಂಬ ಭಯ ಅರ್ಧ, ಎಣ್ಣೆ ಮೆಣಸಿನಲ್ಲಿ ಕೈ ಹಾಕಿ ತೊಳೆಯಲು ನೀರಿಲ್ಲ ಎಂಬ ಸೋಮಾರಿತನ ಅರ್ಧ. ಜೋರ್ಡಾನ್ ಗಡಿಯ ಡೇರೆಗಳಲ್ಲಿ ಎಂಟು ದಿನ ಬಿಸಿಲಿನಲ್ಲಿ ಕೂತೆವು. ಭರಣಿಯೂ ಬಿಸಿಲಿನಲ್ಲೇ ಇತ್ತು. ಆ ಉಪ್ಪಿನಕಾಯಿಯನ್ನು ಖುಬೂಸ್ ರೊಟ್ಟಿಯ ಜೊತೆ ನಾನು ತಿಂದೆ, ಪಕ್ಕದವರಿಗೂ ಕೊಟ್ಟೆ. ಎಲ್ಲರ ಹೊಟ್ಟೆ ಕೆಟ್ಟಿತು. ನೀರು ಸರಿಯಿಲ್ಲ ಎಂದು ಬೈದುಕೊಂಡೆವು.

ಅಮ್ಮಾನ್‌ನಲ್ಲಿ ನಲ್ಲಿ ನೀರು ಸಿಕ್ಕಾಗ ಸೆಂಟನ್ನು ತೆಗೆದು ತೊಳೆದೆ. ಬೆರಳ ತುದಿಯಿಂದ ತಿಕ್ಕಿದರೆ ಕಿಲುಬು ಅಂಟಂಟಾಗಿ ಹೋಗಿ ಒಳಗಿನಿಂದ ಹೊಸ ಚೆಂಬಿನ ಕೆಂಪು ಬಂತು. ತೊಳೆಯಬೇಡಿ ಎಂದ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಅವರೇನೇ ಹೇಳಲಿ, ಚೆಂದ ಆಯಿತಲ್ಲ ಎಂದುಕೊಂಡೆ.

ಉಪ್ಪಿನಂಗಡಿಯಲ್ಲಿ ಪಾತಕ್ಕನ ಕೈಗೆ ಸೆಂಟು ಕೊಟ್ಟು, ಭರಣಿಯ ಕತೆಯನ್ನು ಸ್ವಲ್ಪ ಬಣ್ಣ ಕಟ್ಟಿ ಹೇಳಿದೆ. ಸಿಪಾಯಿ ಸೀನಿದ್ದಕ್ಕೆ ಅವರು ಸೆರಗನ್ನು ಬಾಯಿಗೆ ಹಿಡಿದು ನಕ್ಕರು, ಆಮೇಲೆ ಅತ್ತರು. ಗಂಡ ಬದುಕಿದ್ದಾರೆ ಎಂದು ಕಣ್ಣಾರೆ ನೋಡಿ ಬಂದವನು ನಾನೊಬ್ಬನೇ. ಆ ದಿನ ನನಗೆ ಮೂರು ಸಲ ಚಹಾ ಕೊಟ್ಟರು.

ಆಮೇಲೆ ಎಂಟು ತಿಂಗಳು ಸುದ್ದಿಯೇ ಇಲ್ಲ. ಫೋನಿಲ್ಲ, ಟಪಾಲಿಲ್ಲ. ಜನವರಿಯಲ್ಲಿ ಯುದ್ಧ, ಫೆಬ್ರವರಿಯ ಕೊನೆಗೆ ಮುಗಿಯಿತು. 1991ರ ಮೇ ತಿಂಗಳಲ್ಲಿ ಪಾತಕ್ಕನಿಗೆ ಪುತ್ತಬ್ಬರ ಪತ್ರ ಬಂತು, ಅದೇ ದಿಕ್ಕಾಪಾಲು ಅಕ್ಷರ. ಕ್ಷೇಮ ಎಂದು ಒಂದು ಸಾಲು. ಉಳಿದ ಪುಟವೆಲ್ಲ ಸೆಂಟಿನ ವಿಷಯ. ನಮ್ಮ ಕಡೆಯ ಮಳೆಗಾಲದ ತೇವ ತಾಮ್ರಕ್ಕೆ ಆಗದು, ಯಶೋಧರಣ್ಣ ವಾಪಸ್ ಬರುವುದಾದರೆ ಅವರ ಕೈಯಲ್ಲಿ ಕಳಿಸು, ಅದರ ಬಣ್ಣ ಮೊದಲಿನ ಹಾಗೇ ಇದೆಯೇ, ಯಾರೂ ಉಜ್ಜಿಲ್ಲ ತಾನೇ, ಉಜ್ಜಿದರೆ ಅದು ಮುಗಿದ ಹಾಗೆ ಎಂದು ಬರೆದಿದ್ದರು.

ನನ್ನ ಕಂಪೆನಿಯವರು ಸೆಪ್ಟೆಂಬರಿನಲ್ಲಿ ಕರೆಸಿಕೊಂಡರು. ಸೆಂಟು ತರಲು ಹೋದಾಗ ಪಾತಕ್ಕ ಆ ಪತ್ರವನ್ನು ನನ್ನ ಮುಂದಿಟ್ಟರು. ಓದಿ, ಸೆಂಟನ್ನು ಬಟ್ಟೆಯಿಂದ ಬಿಡಿಸಿ ನೋಡಿದೆ. ಸೆಂಟಿನ ಹೊಳಪೂ ಅಷ್ಟರಲ್ಲಿ ಹೋಗಿತ್ತು. ಇಟ್ಟಿಗೆಯ ಕೆಂಪು, ಮೇಲೆ ಸಣ್ಣ ಸಣ್ಣ ಹಸಿರು ಚುಕ್ಕೆ.

"ನೀವೇನೂ ಹೇಳ್ಬೇಡಿ," ಎಂದರು ಪಾತಕ್ಕ. "ನಾನೇ ಗೊತ್ತಿಲ್ದೆ ಹುಣಸೆಹುಳಿ ಹಾಕಿ ತೊಳೆದೆ ಅಂತ ಮಗಳ ಕೈಯಲ್ಲಿ ಬರೆಸಿದ್ದೇನೆ. ನನಗೆ ಎರಡು ದಿನ ಬೈದಾರು, ಆಮೇಲೆ ಮರೀತಾರೆ. ನಿಮ್ಮ ಮೇಲೆ ಅವರಿಗೆ ಬೇಜಾರಾಗ್ಬಾರದು. ನೀವು ಜೀವ ಕೈಯಲ್ಲಿ ಹಿಡ್ಕೊಂಡು ತಂದದ್ದಲ್ವಾ?"

ಬೇಡ ಪಾತಕ್ಕ, ತಪ್ಪು ನನ್ನದು, ನಾನೇ ಹೇಳುತ್ತೇನೆ ಎನ್ನಬೇಕಿತ್ತು. ಮಗಳು ಬರೆದ ಆ ಪತ್ರವನ್ನು ಅವರು ಚಾಚಿದಾಗ ನಾನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮೊದಲು ಆಗಿರಲಿಲ್ಲ. ಹಾಗೆಂದು ಪತ್ರವನ್ನು ಹಿಂದಕ್ಕೂ ಕೊಡಲಿಲ್ಲ.

ಫಹಾಹೀಲ್ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ, ಆದರೂ ಅಂಗಡಿಗಳಲ್ಲಿ ದೀಪ ಉರಿಯುತ್ತಿತ್ತು. ಇರಾಕಿಗಳು ಹೋಗುವಾಗ ಬೆಂಕಿ ಹಚ್ಚಿದ ಬುರ್ಗಾನಿನ ಎಣ್ಣೆಬಾವಿಗಳು ಇನ್ನೂ ಹೊತ್ತಿಕೊಂಡಿದ್ದವು. ಗಾಳಿ ಆ ಕಡೆಯಿಂದ ಬಂದರೆ ಆಕಾಶ ಕಪ್ಪಾಗಿ, ಬಿಳಿ ಅಂಗಿಯ ಮೇಲೆ ಮಸಿಯ ಚುಕ್ಕೆ ಬೀಳುತ್ತಿತ್ತು. ಪುತ್ತಬ್ಬರು ಸ್ಟೂಲಿಗೆ ಬದಲು ಎಣ್ಣೆ ಡಬ್ಬದ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಗೋಡೆಯಲ್ಲಿ ಹದಿನೇಳು ಗಡಿಯಾರಗಳೂ ಇದ್ದವು, ಎಲ್ಲದರ ಮುಳ್ಳು ಬಿದ್ದು, ಗಾಜು ಒಡೆದು ಹೋಗಿತ್ತು.

"ನಾನೇ ಒಡೆದದ್ದು," ಎಂದರು. ಅರುವತ್ತಮೂರು ವಾಚುಗಳನ್ನೂ ಆ ಗಡಿಯಾರಗಳ ಹೊಟ್ಟೆಯಲ್ಲಿ ತುಂಬಿಸಿ, ಕೆಟ್ಟ ಗಡಿಯಾರವನ್ನು ಇನ್ನಷ್ಟು ಕೆಟ್ಟದ್ದಾಗಿ ಕಾಣಿಸಿದ್ದರಂತೆ. ಸಿಪಾಯಿಗಳು ಮೂರು ಸಲ ಬಂದು ರೇಡಿಯೋ, ಫ್ಯಾನು, ಸ್ಟೂಲು ಹೊತ್ತುಕೊಂಡು ಹೋದರು. ಸೆಂಟಿನ ಡಬ್ಬಿಯನ್ನು ನೆಲಕ್ಕೆ ಸುರಿದು ಡಬ್ಬಿ ಮಾತ್ರ ತೆಗೆದುಕೊಂಡರು. ಸೆಂಟುಗಳನ್ನು ಇವರು ಒಂದೊಂದಾಗಿ ಹೆಕ್ಕಿಕೊಂಡರು, ನಲವತ್ತೂ ಸಿಕ್ಕಿದವು. ವಾಚುಗಳಲ್ಲಿ ನಲವತ್ತೇಳು ಈಗಾಗಲೇ ಚೀಟಿ ತೋರಿಸಿದವರ ಕೈ ಸೇರಿದ್ದವು. ಉಳಿದದ್ದು ಕಾಯುತ್ತಿತ್ತು.

ಊರವರ ಒಂದೊಂದು ವಾಚನ್ನೂ ಹೀಗೆ ಕಾಪಾಡಿದ ಮನುಷ್ಯ ನನ್ನ ಕೈಗೆ ಕೊಟ್ಟದ್ದು ತನ್ನದೆಂಬ ಒಂದೇ ಒಂದು ವಸ್ತು. ನನಗೆ ಅಲ್ಲಿಂದ ಎದ್ದು ಹೋಗಿಬಿಡೋಣ ಎನಿಸಿತು. ಪತ್ರವನ್ನೂ ಸೆಂಟನ್ನೂ ಮೇಜಿನ ಮೇಲಿಟ್ಟೆ.

ಅವರು ಮೊದಲು ಪತ್ರ ಓದಿದರು. ಆಮೇಲೆ ಬಟ್ಟೆ ಬಿಡಿಸಿ, ಸೆಂಟನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ತಂದರು. ಬರಿಗಣ್ಣಿನಿಂದಲೇ ಒಂದು ನಿಮಿಷ ನೋಡಿದರು. ಆ ಒಂದು ನಿಮಿಷ ನಾನು ಗಡಿಯಾರಗಳನ್ನು ನೋಡುತ್ತಿದ್ದೆ. ಕೊನೆಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂಬದಿ ಮೇಲಾಗಿ ಹಿಡಿದು, ಅಂಚಿನ ಸುತ್ತ ನಿಧಾನವಾಗಿ ತಿರುಗಿಸಿದರು.

"ಉಂಟು," ಎಂದರು.

"ಎಂತದು?"

"ನಕ್ಷತ್ರ."

ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಅಂಚಿನ ಹಲ್ಲುಗಳ ನಡುವೆ ರವೆಯ ಕಾಳಿನಷ್ಟೂ ದೊಡ್ಡದಲ್ಲದ ನಕ್ಷತ್ರಗಳು ನನಗೂ ಕಂಡವು. ಒಂದು ಕಡೆ ಮಾತ್ರ. ಉಳಿದ ಅಂಚೆಲ್ಲ ಉಪ್ಪು ತಿಂದು ಗುಳಿ ಬಿದ್ದಿತ್ತು.

"ಹನ್ನೊಂದು ಉಳಿದಿದೆ," ಎಂದರು ಅವರು. "ಗೊತ್ತಾಗ್ಲಿಕ್ಕೆ ಹನ್ನೊಂದು ಸಾಕು. ಅದೇ ಇದು."

ಮೂರು ವರ್ಷ ಎಣ್ಣೆ ಹಾಕಿ ಕಾದವರಿಗೆ ಉತ್ತರ ಸಿಕ್ಕಿತ್ತು. ದನಿಯಲ್ಲಿ ಸಂತೋಷವಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಬೈಯಲೂ ಇಲ್ಲ.

ಮತ್ತೆ ಭೂತಗನ್ನಡಿ ತೆಗೆದುಕೊಂಡು, ಡ್ರಾಯರಿನಿಂದ ಲಿಂಬೆಮುಳ್ಳು ಹುಡುಕಿ, ಮಾಲೆಯ ಎರಡು ಎಲೆಗಳ ಸಂದಿನಿಂದ ಏನನ್ನೋ ಮೆಲ್ಲಗೆ ಎಬ್ಬಿಸಿ ಬಿಳಿ ಕಾಗದದ ಮೇಲಿಟ್ಟರು. ಸಾಸಿವೆಯ ಸಿಪ್ಪೆ, ಒಂದು ವರ್ಷ ಒಣಗಿದ್ದು. ಅದರ ಮೇಲೆ ಮೆಣಸಿನ ಕೆಂಪು ಇನ್ನೂ ಇತ್ತು. ಪಾತ್ರೆ ತೊಳೆಯಲು ಸಾಸಿವೆ, ಮೆಣಸು ಯಾರೂ ಹಾಕುವುದಿಲ್ಲ. ನನ್ನ ಅಮ್ಮನ ಉಪ್ಪಿನಕಾಯಿಯನ್ನು ಆರು ವರ್ಷ ನನ್ನೊಂದಿಗೆ ಉಂಡವರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ.

"ಪಾತುವಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ," ಎಂದರು. ನನ್ನ ಕಡೆ ನೋಡಲಿಲ್ಲ.

ಹೊಸ ಲಕೋಟೆಯೊಂದನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದರು.

"ಬರೀರಿ. ನಿಮ್ಮ ಅಕ್ಷರ ಒಳ್ಳೆದುಂಟು."

ಹೇಳಿ, ಯಾರದೋ ವಾಚನ್ನು ಎತ್ತಿಕೊಂಡು ಕೆಲಸಕ್ಕೆ ತೊಡಗಿದರು. 1794 ಎಂದು ಬರೆದೆ. ನಕ್ಷತ್ರದ ಅಚ್ಚು ಎಂದು ಬರೆದೆ. ವಾಲ್ಟರ್‌ನಿಂದ ಪುತ್ತಬ್ಬರಿಗೆ, 1987. ದೋಷದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಪಾತಕ್ಕನ ಪತ್ರ ದೀಪದ ಕೆಳಗೇ ಬಿದ್ದಿತ್ತು, ಅದರಲ್ಲಿದ್ದುದನ್ನು ನಕಲು ಮಾಡಿದ್ದರೂ ಅವರು ಒಂದು ಮಾತು ಆಡುತ್ತಿರಲಿಲ್ಲ ಎಂದು ನನಗೆ ಈಗಲೂ ಖಾತ್ರಿ. ಲಕೋಟೆಯನ್ನು ಉಳಿದ ನಲವತ್ತರ ಜೊತೆ ಇಡುತ್ತಿದ್ದರು, ನಾವಿಬ್ಬರೂ ಮೊದಲಿನಂತೆ ಮೀನು, ಅನ್ನ ಉಣ್ಣುತ್ತಿದ್ದೆವು.

1990 ಸೆಪ್ಟೆಂಬರ್, ಯಶೋಧರನ ಕೈಯಲ್ಲಿ ಕೆಟ್ಟಿತು, ಎಂದು ಬರೆದೆ.

ಅವರು ಲಕೋಟೆಯನ್ನು ಎತ್ತಿ, ಭೂತಗನ್ನಡಿ ತೆಗೆಯದೆಯೇ ಓದಿದರು. ಪಾತಕ್ಕನ ಪತ್ರವನ್ನು ನಾಲ್ಕಾಗಿ ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಲಕೋಟೆಯನ್ನು ನನಗೆ ಹಿಂದಕ್ಕೆ ಕೊಟ್ಟರು.

"ಉಪ್ಪಿನಕಾಯಿ ಅಂತಲೂ ಬರೀರಿ. ಮುಂದೆ ನೋಡುವವನಿಗೆ ಗೊತ್ತಾಗ್ಬೇಕಲ್ಲ."

ಬರೆದೆ.